ಲೆಕ್ಕಕ್ಕಿಲ್ಲದ ಮಾತ್ರೆಗಳು

ಸೂಜಿ ಚುಚ್ಚಿಸಿಕೊಳ್ಳದ ದರ್ಜಿ ಯಾರಾದರೂ ಇದ್ದರೆ ಅವನು ದರ್ಜಿಯಲ್ಲ, ದರ್ಜಿ ಅಂಗಡಿಯ ಮಾಲೀಕ. ಕಾಜಕ್ಕನಿಗಂತೂ ಸೂಜಿ ಚುಚ್ಚುವುದು ಹೊಸತಲ್ಲ. ಗುಂಡಿ ತೂರುವ ಕಿಂಡಿಯ ಸುತ್ತ ಕೈಯಲ್ಲೇ ದಾರ ಕಟ್ಟುವವರು, ಅಂದರೆ ಕಾಜ ಮಾಡುವವರು, ಆ ಹೊಲಿಗೆಮನೆಯಲ್ಲಿ ಅವಳೊಬ್ಬಳೇ ಉಳಿದಿದ್ದಳು. ಹಾಗಾಗಿ ಹೆತ್ತವರು ಇಟ್ಟ ಹೆಸರು ಹೋಗಿ ಎಲ್ಲರ ಬಾಯಲ್ಲೂ ಕಾಜಕ್ಕ ಆಗಿದ್ದಳು. ಬೆರಳಿಗೆ ಸೂಜಿ ತಾಗಿದರೆ ಬಾಯಿಗಿಟ್ಟು ಒಮ್ಮೆ ಚೀಪುವುದು, ಮುಂದಿನ ಹೊಲಿಗೆ ಹಾಕುವುದು. ಇಷ್ಟು ವರ್ಷ ಅಷ್ಟೇ ನಡೆದುಕೊಂಡು ಬಂದಿತ್ತು.

ಈಗ ಹಾಗಾಗುತ್ತಿರಲಿಲ್ಲ. ಚೀಪಿದರೂ ನಿಲ್ಲದು, ಒತ್ತಿ ಹಿಡಿದರೂ ನಿಲ್ಲದು, ಬಟ್ಟೆ ಚೂರು ಸುತ್ತಿದರೆ ಆ ಚೂರೇ ಒದ್ದೆ. ನಿಂತಿತು ಎಂದು ಕೆಲಸ ಎತ್ತಿಕೊಂಡರೆ ಮತ್ತೆ ಮೆಲ್ಲಗೆ ಒಸರುವುದು. ಹೊಲಿಯುತ್ತಿದ್ದದ್ದಾದರೂ ಏನು? ಆಸ್ಪತ್ರೆಗಳಿಗೆ ಕಳಿಸುವ ಬಿಳಿ ಕೋಟು. ಕರಿಯ ಬಟ್ಟೆಯಾಗಿದ್ದರೆ ದೇವರಿಗೂ ಗೊತ್ತಾಗುತ್ತಿರಲಿಲ್ಲ.

ಅವರವರ ರಕ್ತದ ಕಲೆಗೆ ಅವರವರ ಎಂಜಲೇ ಮದ್ದು ಎಂದು ಹೊಲಿಗೆಯವರು ಹೇಳುತ್ತಾರೆ. ಕಾಜಕ್ಕ ಬಿಳಿ ದಾರದ ತುಂಡು ಜಗಿದು ಉಂಡೆ ಮಾಡಿ ಕಲೆಯ ಮೇಲೆ ಒತ್ತಿದಳು. ಕಲೆ ಹೋಯಿತು. ಹೋಯಿತಲ್ಲ ಎಂದು ನಿಟ್ಟುಸಿರು ಬಿಡುವಷ್ಟರಲ್ಲಿ ಪಕ್ಕದಲ್ಲೇ ಇನ್ನೊಂದು ಹನಿ. ಅದನ್ನು ಒರೆಸುವಾಗ ಕಾಲರಿನ ಮೇಲೆ ಮತ್ತೊಂದು. ಬಾಯಲ್ಲಿ ಎಂಜಲು ಮುಗಿಯಿತು, ಬೆರಳಲ್ಲಿ ರಕ್ತ ಮುಗಿಯಲಿಲ್ಲ.

"ಕಾಜಕ್ಕಾ," ಎಂದರು ಕಟಿಂಗ್ ಮಾಸ್ಟ್ರು, ಕೋಟನ್ನು ಕಿಟಕಿಯ ಬೆಳಕಿಗೆ ಹಿಡಿದು. "ಇದು ಡಾಕ್ಟ್ರು ಹಾಕ್ಕೊಳ್ಳೋ ಕೋಟು. ಕಟುಕರ ಅಂಗಡಿಗೆ ನಾವು ಹೊಲಿಯಲ್ಲ."

ಎಲ್ಲರೂ ನಕ್ಕರು. ಕಾಜಕ್ಕನಿಗೆ ಪಿತ್ತ ನೆತ್ತಿಗೇರಿತು. ನಗುವವರ ಮೇಲಲ್ಲ, ತನ್ನ ಬೆರಳಿನ ಮೇಲೆ. ಇಷ್ಟು ವರ್ಷ ಮಾತು ಕೇಳಿದ ಬೆರಳು ಈಗೇನು ಹಟ ಹಿಡಿದಿದೆ?

ಮಾಸ್ಟ್ರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಈ ಕಥೆ ಇಷ್ಟು ದೂರ ಬರುತ್ತಲೇ ಇರಲಿಲ್ಲ. ದಿನವಿಡೀ ಬಗ್ಗಿ ಕೂತವರ ಸೊಂಟ, ಕತ್ತು, ಭುಜ ಏನಾಗುತ್ತವೆ ಎಂದು ಅವರಿಗೆ ಗೊತ್ತಿತ್ತು. ಹಾಗಾಗಿ ಚಹಾ ಬಂದಾಗಲೆಲ್ಲ ಅದರ ಹಿಂದೆಯೇ ಅವರ ಬಿಸ್ಕತ್ತಿನ ಡಬ್ಬಿ ಸುತ್ತು ಬರುತ್ತಿತ್ತು. ಒಳಗೆ ಬಿಸ್ಕತ್ತಿರಲಿಲ್ಲ, ನೋವಿನ ಮಾತ್ರೆ ಇರುತ್ತಿತ್ತು. ಮಾಸ್ಟ್ರು ಅದನ್ನು ತಾವೇ ತಂದು ತುಂಬಿಸುತ್ತಿದ್ದರು. ಚಹಾ ಮಾತ್ರೆ ಎಂದೇ ಅದಕ್ಕೆ ಹೆಸರು. ಬೆಳಗಿನ ಚಹಾಕ್ಕೆ ಒಂದು, ಮಧ್ಯಾಹ್ನದ್ದಕ್ಕೆ ಒಂದು, ಆರ್ಡರ್ ಜೋರಿದ್ದರೆ ಸಂಜೆಗೂ ಒಂದು. ಚಹಾಕ್ಕೆ ಬಿದ್ದ ಸಕ್ಕರೆಯನ್ನು ಯಾರು ಔಷಧಿ ಎನ್ನುತ್ತಾರೆ? ಹಾಗೇ ಇದನ್ನೂ ಯಾರೂ ಔಷಧಿ ಎನ್ನುತ್ತಿರಲಿಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಬೆರಳಿನ ಕಥೆ ಹೀಗಾದರೆ ತೋಳಿನದು ಇನ್ನೊಂದು. ಇಸ್ತ್ರಿ ಮೇಜಿನ ಮೂಲೆ ಚೂರು ತಾಗಿದರೆ ಸಾಕು, ಮರುದಿನ ಅಲ್ಲಿ ನೇರಳೆ ಬಣ್ಣದ ಮಚ್ಚೆ. ಬಸ್ಸಿನಲ್ಲಿ ಯಾರದೋ ಮೊಣಕೈ ತಗುಲಿದ್ದಕ್ಕೆ ಹಸ್ತದಗಲ ಕಪ್ಪು. ಹೊಲಿಗೆ ಮಿಷನ್ನಿನ ಹೆಂಗಸರು ಮೊದಲು ನೋಡಿ ಸುಮ್ಮನಾದರು, ಆಮೇಲೆ ತಮ್ಮತಮ್ಮಲ್ಲೇ ಪಿಸುಗುಟ್ಟಿದರು, ಕೊನೆಗೆ ಒಬ್ಬಳು ಹತ್ತಿರ ಬಂದು ಕೂತಳು.

"ಅಕ್ಕ, ನಿಮ್ಮೆಜಮಾನ್ರು ಕುಡೀತಾರಾ?"

"ಚಹಾ ಬಿಟ್ರೆ ನೀರು," ಎಂದಳು ಕಾಜಕ್ಕ.

"ಹೇಳ್ಕೊಳ್ಳೋಕೆ ಕಷ್ಟ ಆಗತ್ತೆ, ನಂಗೊತ್ತು. ಬೆಂಕಿ ಇಲ್ದೆ ಹೊಗೆ ಆಡಲ್ಲ ಅಕ್ಕ."

ಫ್ರಿಜ್ಜು ರಿಪೇರಿ ಮಾಡಿಕೊಂಡು, ಸೊಳ್ಳೆ ಹೊಡೆಯಲೂ ಎರಡು ಸಲ ಯೋಚಿಸುವ ಗಂಡನಿಗೆ ಈ ಸುದ್ದಿ ಹೇಗೋ ಮುಟ್ಟಿತು. ಅವನು ಅವತ್ತು ಊಟ ಬಿಟ್ಟ. "ಇಡೀ ಬೀದಿ ನನ್ನ ಮುಖ ನೋಡಿ ಕ್ಯಾಕರಿಸ್ತಿದೆ. ನಡಿ ಡಾಕ್ಟ್ರ ಹತ್ರ," ಎಂದ. ಹೆಂಡತಿಯ ಬೆರಳಿಗಾಗಿ ಅಲ್ಲದಿದ್ದರೂ ತನ್ನ ಹೆಸರಿಗಾಗಿ ಅವನು ಕೆಲಸಕ್ಕೆ ರಜೆ ಹಾಕಿದ್ದು ಅವಳಿಗೆ ಅಷ್ಟೇನೂ ಬೇಸರ ತರಲಿಲ್ಲ. ಅಂತೂ ಹೊರಟರಲ್ಲ.

ಬೀದಿ ಕೊನೆಯ ಕ್ಲಿನಿಕ್ಕಿನ ಡಾಕ್ಟರು ಒಳ್ಳೆಯ ಮನುಷ್ಯ, ಆದರೆ ಅವರ ಕಣ್ಣು ಸದಾ ಬಾಗಿಲಾಚೆ ಕಾಯುವವರ ಮೇಲೆ.

"ಬೀಪಿ ಇದೆಯಾ? ಶುಗರ್?"

"ಇಲ್ಲ," ಎಂದ ಗಂಡ.

"ರಕ್ತ ತೆಳ್ಳಗಾಗೋ ಮಾತ್ರೆ ಏನಾದ್ರೂ?"

"ಅಯ್ಯೋ ಇಲ್ಲ."

"ಬೇರೆ ಯಾವ್ದಾದ್ರೂ ಔಷಧಿ?"

ಕಾಜಕ್ಕ ಬಾಯಿ ತೆರೆದಳು. "ಏನಿಲ್ಲ ಡಾಕ್ಟ್ರೇ," ಎಂದ ಗಂಡ, ಅವಳ ಮೊಣಕೈಯನ್ನು ಮೆಲ್ಲಗೆ ಒತ್ತಿ. "ಗುಂಡುಕಲ್ಲಿನ ಹಾಗಿದ್ದಾಳೆ." ಒತ್ತಿದ ಜಾಗ ಮರುದಿನ ಕಪ್ಪಾಯಿತು.

ಹೇಳಬೇಕಾದ್ದು ಇತ್ತು. ಹೋದ ವರ್ಷ ಕಾಜಕ್ಕ ಮಲಗಿಬಿಟ್ಟಿದ್ದಳು. ಜ್ವರವಿಲ್ಲ, ಕೆಮ್ಮಿಲ್ಲ, ಕೈಕಾಲು ಮುರಿದಿಲ್ಲ; ಎದ್ದೇಳಲು ಮಾತ್ರ ಆಗಲೊಲ್ಲದು. ಸೂಜಿಗೆ ದಾರ ಪೋಣಿಸಲು ಹೋದರೆ ಯಾತಕ್ಕೆ ಪೋಣಿಸಬೇಕು ಎಂದು ಅಳು ಬರುತ್ತಿತ್ತು. ತಲೆ ಬಾಚುವುದು ಗುಡ್ಡ ಹತ್ತಿದಷ್ಟು ಕೆಲಸ. ಅತ್ತೆ ಚಹಾ ಲೋಟ ಹಿಡಿದು ಮಂಚದ ಪಕ್ಕದಲ್ಲೇ ಓಡಾಡಿದರು, ಗಂಡ ಸೂರು ನೋಡುತ್ತಾ ಕೂತ. ಕೊನೆಗೆ ಅವಳ ತಂಗಿ ಬಂದು ಎಳೆದುಕೊಂಡು ಹೋಗಿ ಮನಸ್ಸಿನ ಡಾಕ್ಟರಿಗೆ ತೋರಿಸಿದಳು. ಆ ಚಿಕ್ಕ ಮಾತ್ರೆ ಶುರುವಾಗಿ ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಕಾಜಕ್ಕನಿಗೆ ಹಸಿವಾಯಿತು. ಹಸಿವೆಂದರೆ ಏನೆಂದು ಮರೆತವಳಿಗೆ ಹಸಿವಾದದ್ದು ಸಣ್ಣ ಮಾತಲ್ಲ. ಅವಳು ಮತ್ತೆ ಅವಳಾದಳು. ಆ ಮಾತ್ರೆಯನ್ನು ಅವಳು ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ.

ಆದರೆ ಗಂಡ ಅದಕ್ಕೆ ಕಾನೂನು ಮಾಡಿದ್ದ. "ಯಾರಿಗೂ ಹೇಳ್ಬೇಡ. ಅಮ್ಮಂಗೂ ಬೇಡ. ನಾಳೆ ನಿನ್ನ ತಲೆ ಕೆಟ್ಟಿದೆ ಅಂತಾರೆ." ಅತ್ತೆಗೆ ಅದು ವಿಟಮಿನ್ ಮಾತ್ರೆ. ಹೊಲಿಗೆಮನೆಗೆ ಅದು ಇಲ್ಲವೇ ಇಲ್ಲ. ಹೀಗೆ ಅವಳು ನುಂಗುತ್ತಿದ್ದ ಎರಡು ಮಾತ್ರೆಗಳಲ್ಲಿ ಒಂದನ್ನು ಯಾರೂ ಮಾತ್ರೆ ಎಂದುಕೊಂಡಿರಲಿಲ್ಲ, ಇನ್ನೊಂದನ್ನು ಯಾರೂ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಇನ್ನು ಡಾಕ್ಟರು ಪಾಪ, ಏನು ಕಂಡುಹಿಡಿದಾರು?

ಅವರು ರಕ್ತ ಪರೀಕ್ಷೆ ಬರೆದುಕೊಟ್ಟರು. ರಕ್ತ ಕಡಿಮೆ ಇದೆ ಎಂದು ಬಂತು. "ಹೆಂಗಸರಲ್ಲಿ ಇದು ಇದ್ದದ್ದೇ, ಸೊಪ್ಪು ತಿನ್ನಿ," ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಕಬ್ಬಿಣದ ಮಾತ್ರೆ ಕೊಟ್ಟು, "ಇದಕ್ಕೆ ಮಲ ಕಪ್ಪಗೆ ಹೋಗುತ್ತೆ, ಹೆದರ್ಬೇಡಿ," ಎಂದೂ ಹೇಳಿದರು.

ಆ ಕೊನೆಯ ಮಾತೊಂದನ್ನು ಕಾಜಕ್ಕ ಚಾಚೂ ತಪ್ಪದೆ ಪಾಲಿಸಿದಳು. ಕಪ್ಪಗೆ ಹೋಯಿತು, ಹೆದರಲಿಲ್ಲ. ಡಾಂಬರಿನ ಹಾಗೆ ಅಂಟಂಟಾಗಿ, ಕೆಟ್ಟ ನಾತ ಬಡಿಯುತ್ತಾ ಹೋದಾಗಲೂ ಹೆದರಲಿಲ್ಲ. ಹೊಟ್ಟೆಯಲ್ಲಿ ಉರಿ ಬಂದರೆ ಖಾರ ಹೆಚ್ಚಾಯಿತು ಎಂದಳು. ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ ವಯಸ್ಸಾಯಿತು ಎಂದಳು. ಅಷ್ಟರಲ್ಲಿ ದೊಡ್ಡ ಆಸ್ಪತ್ರೆಯೊಂದರ ಆರ್ಡರ್ ಬಂದು, ಡಬ್ಬಿ ಸಂಜೆಯ ಚಹಾಕ್ಕೂ ತಪ್ಪದೆ ಸುತ್ತು ಬರತೊಡಗಿತು. ಕಾಜಕ್ಕನೂ ತಪ್ಪದೆ ಕೈ ಹಾಕಿದಳು.

ಒಂದು ದಿನ ಇಸ್ತ್ರಿ ಮೇಜಿನ ಹತ್ತಿರ ನಿಂತವಳು ಹಾಗೇ ಕುಸಿದಳು. ಬೀಳುವಾಗ ಮಡಿಸಿಟ್ಟ ಕೋಟುಗಳ ರಾಶಿಯನ್ನೇ ತಬ್ಬಿಕೊಂಡು ಬಿದ್ದಳು. ಎಚ್ಚರವಾದಾಗ ಮೊದಲು ಕೇಳಿದ್ದು, "ಕಲೆ ಆಯ್ತಾ?" ಎಂದು.

ಆಸ್ಪತ್ರೆಯಲ್ಲಿ ಹೊಟ್ಟೆಯೊಳಗೆ ರಕ್ತ ಸೋರುತ್ತಿದೆ ಎಂದು ಬೇಗ ಗೊತ್ತಾಯಿತು. ಬಾಟಲಿಯಿಂದ ಯಾರದೋ ರಕ್ತ ಅವಳ ತೋಳಿಗೆ ಇಳಿಯತೊಡಗಿತು. ಡ್ಯೂಟಿಯಲ್ಲಿದ್ದ ಡಾಕ್ಟರಮ್ಮನಿಗೆ ನಿದ್ದೆಗೆಟ್ಟ ಕಣ್ಣು, ಕೆರಳಿದ ದನಿ.

"ಏನೇನು ಔಷಧಿ ತಗೋತಾರೆ?"

"ಏನಿಲ್ಲ ಮೇಡಂ, ಕಬ್ಬಿಣದ ಮಾತ್ರೆ ಅಷ್ಟೇ," ಎಂದ ಗಂಡ.

"ನಿಮ್ಮನ್ನ ಕೇಳಿಲ್ಲ. ರಕ್ತ ಅವರದು ಹೋಗ್ತಿದೆ." ಡಾಕ್ಟರಮ್ಮ ಮಂಚದ ಮೇಲೆ ಬಗ್ಗಿದರು. "ಔಷಧಿ ಅನ್ನೋ ಮಾತೇ ಬಿಟ್ಬಿಡಿ ಅಮ್ಮ. ನಿನ್ನೆ ಬೆಳಿಗ್ಗೆ ಎದ್ದಾಗಿಂದ ಬಾಯಿಗೆ ಏನೇನು ಹಾಕ್ಕೊಂಡ್ರಿ? ಊಟ, ತಿಂಡಿ, ಮಾತ್ರೆ, ಕಷಾಯ, ಯಾರೋ ಕೈಗೆ ಕೊಟ್ಟಿದ್ದು, ಎಲ್ಲಾ ಹೇಳಿ."

ಗಂಡ ಕೆಮ್ಮಿದ. ಅವಳ ಮೊಣಕೈಗೆ ಕೈ ಚಾಚಿದ. ಅಲ್ಲಿ ಸೂಜಿ ಇತ್ತು, ಹಿಂದೆಗೆದ. ಕಾಜಕ್ಕ ಅವನ ಮುಖ ನೋಡಿದಳು. ಆ ಮುಖದಲ್ಲಿ ಬೇಡಿಕೆಯಿತ್ತು. ಸಾಯುವವಳ ಹತ್ತಿರವೂ ಇವನು ಗುಟ್ಟು ಬೇಡುತ್ತಿದ್ದಾನಲ್ಲ ಎಂದು ಅವಳಿಗೆ ರೋಸಿಹೋಯಿತು.

"ಮನಸ್ಸಿನ ಮಾತ್ರೆ ತಗೋತೀನಿ," ಎಂದಳು. "ಹೋದ ವರ್ಷದಿಂದ. ಮತ್ತೆ ಕೆಲಸದಲ್ಲಿ ಚಹಾ ಮಾತ್ರೆ. ನೋವಿಂದು. ನಿನ್ನೆ ಮೂರು ಸಲ."

ಮೂಲೆಯ ಕುರ್ಚಿಯಲ್ಲಿದ್ದ ಅತ್ತೆ ಸೆರಗು ಬಾಯಿಗಿಟ್ಟುಕೊಂಡರು.

ಡಾಕ್ಟರಮ್ಮನ ಕೆರಳಿದ ದನಿ ಇಳಿಯಿತು. ಬಿಡಿಸಿ ಹೇಳಿದರು. ರಕ್ತ ನಿಲ್ಲಬೇಕಾದರೆ ಅದರಲ್ಲಿರುವ ಚಿಕ್ಕ ಕಣಗಳು ಒಂದಕ್ಕೊಂದು ಅಂಟಿಕೊಂಡು ಗಾಯ ಮುಚ್ಚಬೇಕು. ಮನಸ್ಸಿನ ಈ ಬಗೆಯ ಮಾತ್ರೆ ಆ ಅಂಟನ್ನು ಸ್ವಲ್ಪ ಸಡಿಲ ಮಾಡುತ್ತದೆ. ಅದೊಂದೇ ಆಗಿದ್ದರೆ ಹೆಚ್ಚಿನವರಿಗೆ ದೊಡ್ಡ ತೊಂದರೆಯಿಲ್ಲ. ನೋವಿನ ಮಾತ್ರೆ ಹೊಟ್ಟೆಯ ಒಳಗೋಡೆಯನ್ನು ಕೆರೆದು ಹುಣ್ಣು ಮಾಡುತ್ತದೆ, ಅಂಟನ್ನೂ ಕೆಡಿಸುತ್ತದೆ. ಎರಡೂ ಸೇರಿದರೆ ಒಂದು ಗಾಯ ಮಾಡುತ್ತದೆ, ಇನ್ನೊಂದು ಮುಚ್ಚಲು ಬಿಡುವುದಿಲ್ಲ.

"ನೋವಿನ ಮಾತ್ರೆ ಇನ್ಮೇಲೆ ಮುಟ್ಟಬಾರದು," ಎಂದರು, ಮನೆಗೆ ಕಳಿಸುವ ದಿನ. "ಹೊಟ್ಟೆ ಕಾಯೋ ಮಾತ್ರೆ ಕೊಡ್ತೀನಿ. ನಿಮ್ಮ ಮನಸ್ಸಿನ ಡಾಕ್ಟ್ರ ಹತ್ರ ಫೋನಲ್ಲಿ ಮಾತಾಡಿದೀನಿ. ಆ ಮಾತ್ರೆ ಸದ್ಯಕ್ಕೆ ಮುಂದುವರೀಲಿ ಅಂದ್ರು, ಬದಲಾಯಿಸ್ಬೇಕಾದ್ರೆ ಅವರೇ ನೋಡಿ ಬದಲಾಯಿಸ್ತಾರೆ. ನೀವಾಗೇ ತಟ್ಟಂತ ನಿಲ್ಲಿಸ್ಬೇಡಿ. ತಿಳೀತಾ?"

ಗಂಡನೂ ಅಲ್ಲೇ ನಿಂತಿದ್ದ. ಅತ್ತೆಯೂ ಕೂತಿದ್ದರು. ಇಬ್ಬರ ಕಿವಿಗಳೂ ಚೆನ್ನಾಗಿಯೇ ಇದ್ದವು. ಆದರೆ "ಮನಸ್ಸಿನ ಮಾತ್ರೆ" ಎಂಬುದೊಂದು ಒಳಗೆ ಹೋದದ್ದೇ ತಡ, ಆ ಕಿವಿಗಳು ಬಾಗಿಲು ಹಾಕಿಕೊಂಡವು.

ಮನೆಗೆ ಬಂದ ಮೇಲೆ ಎಲ್ಲರೂ ಒಂದೇ ರಾಗ ಹಾಡಿದರು. "ನೋಡ್ದ್ಯಾ, ಆ ಮಾತ್ರೆ ನಿನ್ನ ರಕ್ತಾನೇ ಕುಡೀತು," ಎಂದರು ಅತ್ತೆ. "ಮನಸ್ಸಿಗೂ ಮಾತ್ರೆ ತಗೋತಾರಾ ಯಾರಾದ್ರೂ? ನಾಲ್ಕು ಜನರ ಜೊತೆ ನಗ್ತಾ ಇದ್ರೆ ಮನಸ್ಸು ತಾನಾಗೇ ಸರಿಹೋಗತ್ತೆ." ಮಾಸ್ಟ್ರು ಹಣ್ಣು ಹಿಡಿದುಕೊಂಡು ನೋಡಲು ಬಂದರು, ಅತ್ತೆಯ ಬಾಯಿಂದ ಎಲ್ಲ ಕೇಳಿ ತಿಳಿದುಕೊಂಡರು. ಕಣ್ಣಲ್ಲಿ ನೀರು ತಂದುಕೊಂಡರು. "ವರ್ಷಗಟ್ಟಲೆ ನಮ್ಮ ಡಬ್ಬಿ ಮಾತ್ರೆ ತಿಂದಿದ್ದೀಯ, ಒಂದಿನ ಏನಾದ್ರೂ ಆಗಿತ್ತಾ? ಇದೆಲ್ಲ ಆ ಹೊಸ ಮಾತ್ರೆದೇ ಕಿತಾಪತಿ. ಅದನ್ನ ಬಿಟ್ಬಿಡು ತಾಯಿ. ನೋವಿನ ಮಾತ್ರೆ ಇಲ್ದೆ ನಮ್ಮ ಕೆಲಸ ಆಗತ್ತಾ, ನೀನೇ ಹೇಳು."

"ಡಾಕ್ಟ್ರು ಬಿಡು ಅಂದಿದ್ದು ನಿಮ್ಮ ಮಾತ್ರೆನ," ಎಂದಳು ಕಾಜಕ್ಕ.

"ಡಾಕ್ಟ್ರಿಗೇನು, ಅವರು ನಿಂತ್ಕೊಂಡು ಕೆಲಸ ಮಾಡೋರು," ಎಂದರು ಮಾಸ್ಟ್ರು. ಗಂಡ ಕೋಲೆ ಬಸವನ ಹಾಗೆ ತಲೆ ಆಡಿಸಿದ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಇಲ್ಲಿ ಬರೆ ಎಳೆಯುವವರು ಅತ್ತು ಎಳೆದರು, ಅಷ್ಟೇ ವ್ಯತ್ಯಾಸ. ಅವಳ ಸೊಂಟ ಅವರಿಗೆಲ್ಲ ಬೇಕಿತ್ತು. ಕಾಜ ಕಟ್ಟಲು, ಬಟ್ಟೆ ಒಗೆಯಲು, ನೀರು ಎತ್ತಲು. ಮನಸ್ಸು ಯಾರ ಕೆಲಸಕ್ಕೂ ಬೇಕಿರಲಿಲ್ಲ. ಹೀಗೆಂದು ತಿಳಿದಾಗ ಕಾಜಕ್ಕನಿಗೆ ರಕ್ತ ಕಡಿಮೆಯಿದ್ದ ಮೈಯಲ್ಲೂ ರಕ್ತ ಕುದಿಯಿತು.

ಮರುದಿನ ಬೆಳಿಗ್ಗೆ ಮಾತ್ರೆ ಇಡುವ ಜಾಗದಲ್ಲಿ ಮನಸ್ಸಿನ ಮಾತ್ರೆ ಇರಲಿಲ್ಲ. ಹೊಟ್ಟೆಯದು ಇತ್ತು, ಕಬ್ಬಿಣದ್ದು ಇತ್ತು. ಅವಳು ದಿಂಬು ಕೊಡವಿದಳು, ಡಬ್ಬಗಳನ್ನೆಲ್ಲ ಕೆಳಗಿಳಿಸಿದಳು, ಗಂಡನ ರಿಪೇರಿ ಚೀಲವನ್ನೂ ಬೋರಲು ಹಾಕಿದಳು. ಸ್ಕ್ರೂಗಳು ಉರುಳಿದವು. "ಏನು ಹುಡುಕ್ತಿದ್ದೀಯ?" ಎಂದು ಕೇಳಿದ ಗಂಡ, ಗೊತ್ತಿದ್ದೂ. "ನಿಂಗೊತ್ತಿರೋದನ್ನೇ," ಎಂದಳು. ಮದುವೆಯಾದಾಗಿನಿಂದ ಅವಳು ಅವನಿಗೆ ಏಕವಚನ ಬಳಸಿದ್ದು ಅದೇ ಮೊದಲು. ಅವನು ಸ್ಕ್ರೂಗಳನ್ನು ಬಾಚಿ ತುಂಬಿಕೊಂಡ. ಚೀಲ ಎತ್ತಿಕೊಂಡು ಕೆಲಸಕ್ಕೆ ಹೊರಟುಹೋದ.

ಔಷಧಿ ಅಂಗಡಿಗೆ ತಾನೇ ಹೋಗೋಣವೆಂದರೆ ಮೆಟ್ಟಿಲಿಳಿಯುವಷ್ಟರಲ್ಲಿ ಕಣ್ಣು ಕತ್ತಲೆಗಟ್ಟಿತು. ಅತ್ತೆಯನ್ನು ಕಳಿಸುವ ಹಾಗಿಲ್ಲ. ತಂಗಿ ದೂರ, ಫೋನು ಎತ್ತುತ್ತಿಲ್ಲ. ಎರಡು ದಿನ ಕಳೆಯುವಷ್ಟರಲ್ಲಿ ತಲೆಯೊಳಗೆ ಕರೆಂಟು ತಗುಲಿದಂತೆ ಜುಂ ಎನ್ನತೊಡಗಿತು. ಕತ್ತು ತಿರುಗಿಸಿದರೆ ಜುಂ. ಚಮಚ ಬಿದ್ದ ಸದ್ದಿಗೆ ಅಳು. ಅದಕ್ಕಿಂತ ಹೆಚ್ಚು ಹೆದರಿಸಿದ್ದು ಬೇರೆ: ಮುಂಜಾನೆ ಎದ್ದಾಗ ತಲೆ ಬಾಚಬೇಕಲ್ಲ ಎಂದು ಅನಿಸಿತು. ಅಷ್ಟೇ. ಬರೀ ಅನಿಸಿದ್ದು. ಆದರೆ ಆ ಗುಡ್ಡದ ಬುಡ ಅವಳಿಗೆ ಗುರುತಿತ್ತು. ಮತ್ತೆ ಅಲ್ಲಿಗೆ ಹೋಗುವುದಕ್ಕಿಂತ ಇಸ್ತ್ರಿ ಮೇಜಿನ ಹತ್ತಿರವೇ ಸತ್ತಿದ್ದರೆ ಚೆನ್ನಾಗಿತ್ತು ಎಂದುಕೊಂಡಳು.

ಗಂಡ ಮಧ್ಯಾಹ್ನದ ಊಟಕ್ಕೆ ಬಂದಾಗ ಅವಳು ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತಿದ್ದಳು.

"ಎಲ್ಲಿ ನನ್ನ ಮಾತ್ರೆ?"

"ಎಸೆದೆ," ಎಂದ ಅವನು, ಚಪ್ಪಲಿ ನೋಡುತ್ತಾ. "ನಿನ್ನ ಒಳ್ಳೇದಕ್ಕೇ ಅಲ್ವಾ? ರಕ್ತ ಹೋಗಿ ಸಾಯೋದು ಬಾಕಿ ಇತ್ತು. ನಿಂಗೇನಾದ್ರೂ ಆದ್ರೆ ನಾನೇನ್ ಮಾಡ್ಲಿ?" ಅದು ನಾಟಕವಲ್ಲ, ಅವಳಿಗೂ ಗೊತ್ತಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಪ್ರೀತಿ ಇಲ್ಲದವನಾಗಿದ್ದರೆ ಬೈದು ಬಿಡಬಹುದಿತ್ತು.

"ಡಾಕ್ಟ್ರು ಹೇಳಿದ್ದು ಕೇಳಿಸ್ಲಿಲ್ವಾ ನಿಮಗೆ? ನೋವಿನ ಮಾತ್ರೆ ಬಿಡು ಅಂದ್ರು."

"ಅದನ್ನ ಬಿಟ್ರೆ ಸೊಂಟನೋವಿಗೆ ಏನ್ ಮಾಡ್ತೀಯ?"

"ನರಳ್ತೀನಿ! ಬಿಸಿನೀರು ಇಟ್ಕೋತೀನಿ, ಅರ್ಧ ಗಂಟೆಗೊಂದ್ಸಲ ಎದ್ದು ಓಡಾಡ್ತೀನಿ, ಸಾಕಾಗ್ದಿದ್ರೆ ನರಳ್ತೀನಿ. ಜೋರಾಗಿ ನರಳ್ತೀನಿ. ಸೊಂಟನೋವಿಗೆ ನರಳಿದ್ರೆ ನಿಮ್ಮ ಮರ್ಯಾದೆ ಏನೂ ಹೋಗಲ್ವಲ್ಲ!"

ಅವಳು ದಡಬಡಿಸಿ ಏಳಲು ಹೋದಳು. ಮಾತಿನ ಭರದಲ್ಲಿ ಸೊಂಟ ನಿಜಕ್ಕೂ ಹಿಡಿದುಕೊಂಡಿತು. "ಅಯ್ಯೋ ಅಮ್ಮಾ!" ಎಂದು ಕುರ್ಚಿಯ ಬೆನ್ನು ಹಿಡಿದು ಅರ್ಧಕ್ಕೇ ನಿಂತಳು.

ಒಳಗಿನಿಂದ ಅತ್ತೆ ಓಡಿಬಂದರು. "ಏನಾಯ್ತೇ? ಸೊಂಟಾನಾ? ತಡಿ, ತಡಿ." ಕ್ಷಣದಲ್ಲಿ ಬಿಸಿನೀರಿನ ಚೀಲ ಬಂತು, ಅದಕ್ಕೆ ಟವೆಲು ಸುತ್ತಿಕೊಂಡಿತು, ಅತ್ತೆಯ ಒರಟು ಹಸ್ತ ಅವಳ ಬೆನ್ನ ಮೇಲೆ ಹುಡುಕಾಡಿತು. "ಎಲ್ಲಿ ನೋಯ್ತಿದೆ? ಇಲ್ಲಾ? ಇನ್ನೂ ಕೆಳಗಾ? ಬಾಯ್ಬಿಟ್ಟು ಹೇಳು ಮಗಳೇ, ಹೇಳಿದ್ರಲ್ವಾ ಗೊತ್ತಾಗೋದು."

ಕಾಜಕ್ಕ ಗೊಳೋ ಎಂದು ಅತ್ತಳು. "ಇದನ್ನ ಹೋದ ವರ್ಷ ಕೇಳ್ಬೇಕಿತ್ತು ಅತ್ತೆ. ಅಷ್ಟು ತಿಂಗಳು ಬಿದ್ದಿದ್ನಲ್ಲ, ಆಗ ಎಲ್ಲಿ ನೋಯ್ತಿದೆ ಅಂತ ಈ ಮನೇಲಿ ಒಬ್ರೂ ಕೇಳ್ಲಿಲ್ಲ."

ಅತ್ತೆಯ ಕೈ ನಿಂತಿತು. ಅವರು ಬಿಸಿ ಚೀಲವನ್ನೇ ಒತ್ತಿ ಹಿಡಿದುಕೊಂಡರು. ಸೊಸೆಯ ಅಳು ಸ್ವಲ್ಪ ಇಳಿಯುವ ತನಕ ಹಾಗೇ ಇದ್ದರು. ಆಮೇಲೆ ಮಗನ ಕಡೆ ತಿರುಗಿ ಗದರಿದರು.

"ಕಂಬದ ಹಾಗೆ ಏನೋ ನೋಡ್ತಾ ನಿಂತಿದ್ದೀಯ? ಹೋಗಿ ಇವಳ ಮಾತ್ರೆ ತಗೊಂಡು ಬಾ."

"ಯಾವ ಮಾತ್ರೆ?" ಎಂದ ಅವನು.

"ನನ್ನ ಕೇಳ್ತಾನೆ ನೋಡು! ನುಂಗೋಳು ಅವಳು. ಅವಳನ್ನ ಕೇಳು."

ಅವನು ಹೆಂಡತಿಯ ಕಡೆ ತಿರುಗಿದ. ಯಾವುದೆಂದು ಕೇಳಿದ. ಕಾಜಕ್ಕ ಕಣ್ಣು ಒರೆಸಿಕೊಂಡು ಆ ಮಾತ್ರೆಯ ಹೆಸರು ಹೇಳಿದಳು, ತೆರೆದ ಬಾಗಿಲಿಂದ ಬೀದಿಯವರಿಗೂ ಕೇಳಿಸುವ ಹಾಗೆ.